ಡೇನಿಶ್ ಊರಿನ ಪಡ್ಡಿನ ನೀಲವ್ವ

ಬೆಳಗಿನ ಆರು ಗಂಟೆ. ಅಮೆರಿಕದ ಲಾಸ್ ಗ್ಯಾಟೋಸ್ ದಾಟಿ ಬೆಟ್ಟ ಹತ್ತಿದರೆ ಸಿಗುವ ಸ್ಕೋವ್‌ಬಿ ಎಂಬ ಪುಟ್ಟ ಡೇನಿಶ್ ಊರು ರೆಡ್‌ವುಡ್ ಮರಗಳ ನಡುವೆ ಇನ್ನೂ ಮಂಜು ಹೊದ್ದು ಮಲಗಿದೆ. ಒಂದು ಬೀದಿ, ಒಂದು ಚರ್ಚು, ಸಾಲಾಗಿ ನಿಂತ ಮರದ ಮನೆಗಳು, ಒಂದು ಗಾಳಿಗಿರಣಿ. ಗಿರಣಿ ತಿರುಗುವುದು ಗಾಳಿಗಲ್ಲ, ಕರೆಂಟಿಗೆ. ಆ ಮಾತು ಬೇರೆ. ಬೀದಿಯ ಕೊನೆಯ ಬೇಕರಿಯ ಹಿಂಕೋಣೆಯಲ್ಲಿ ಹುಬ್ಬಳ್ಳಿಯ ನೀಲವ್ವ ಕನ್ನಡಿ ಮುಂದೆ ನಿಂತು ಬಿಳಿ ಲೇಸಿನ ಟೋಪಿಯ ದಾರವನ್ನು ಗದ್ದದ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದಾರೆ. ಮೈಮೇಲೆ ಕೆಂಪು ಲಂಗ, ಕರಿ ಕುಪ್ಪಸ, ಬಿಳಿ ಏಪ್ರನ್ನು. ಹಣೆಯ ಮೇಲೆ ವಿಭೂತಿ, ಅದರ ನಡುವೆ ಕುಂಕುಮ. ಈ ಹಣೆಯ ಪಟ್ಟಿ ಡೆನ್ಮಾರ್ಕಿನ ಯಾವ ಸೀಮೆಯ ಪದ್ಧತಿ ಎಂದು ಪ್ರವಾಸಿಗರು ಕೇಳುವುದುಂಟು. ನೀಲವ್ವ ‘ಯೆಸ್’ ಎನ್ನುತ್ತಾರೆ. ಅವರೂ ತೃಪ್ತರಾಗಿ ಹೋಗುತ್ತಾರೆ.

ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಯ ಹಿಂದೆ ಒಲೆ. ಒಲೆಯ ಮೇಲೆ ಕುಳಿ ಕುಳಿಯ ಬೀಡುಕಬ್ಬಿಣದ ಹಂಚು. ನಮ್ಮ ಪಡ್ಡಿನ ಹಂಚಿಗೂ ಇದಕ್ಕೂ ವ್ಯತ್ಯಾಸ ಹುಡುಕುವವರು ಕನ್ನಡಕ ಬದಲಿಸಬೇಕು. ಡೇನರು ಇದರಲ್ಲಿ ಹೊಯ್ಯುವ ತಿಂಡಿಗೆ ಏಬಲ್‌ಸ್ಕೀವರ್ ಎನ್ನುತ್ತಾರೆ. ಮೈದಾ, ಮಜ್ಜಿಗೆ, ಮೊಟ್ಟೆ, ಏಲಕ್ಕಿ ಹಾಕಿದ ಹಿಟ್ಟಿನ ದುಂಡನೆಯ ಸಿಹಿ. ನೀಲವ್ವನ ಬಾಯಲ್ಲಿ ಅದು ಮೊದಲ ದಿನದಿಂದಲೂ ಪಡ್ಡು. ಕುಳಿಗೊಂದು ಚೂರು ಬೆಣ್ಣೆ, ಮೇಲೆ ಒಂದು ಸೌಟು ಹಿಟ್ಟು. ಚುರ್ ಎನ್ನುವ ಸದ್ದು ಸಣ್ಣಗಾಗುತ್ತಲೇ ಕೈಯಲ್ಲಿನ ದಬ್ಬಣ ಕುಳಿಯಿಂದ ಕುಳಿಗೆ ಹೋಗುತ್ತದೆ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ, ಹುಬ್ಬಳ್ಳಿಯಿಂದ ಬಂದದ್ದು. ಮೊದಲು ಬೆಂದ ಪಡ್ಡು ಕಿಟಕಿಯ ಆಚೆಗಿನ ಕಟ್ಟೆಗೆ ಹೋಗುತ್ತದೆ. ಅದು ಕಾಗೆಯ ಪಾಲು. ಈ ಕಾಡಿನಲ್ಲಿ ಕಾಗೆಗಿಂತ ಮುಂಚೆ ಒಂದು ನೀಲಿ ಹಕ್ಕಿ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ.

“ಡೇನಿಶ್ ಕಾಗಿ ಇರಬೇಕ್ರಿ,” ಎನ್ನುತ್ತಾರೆ ನೀಲವ್ವ.

ಇಂಥವರನ್ನು ಎಲೆಮರೆಯ ಕಾಯಿ ಎನ್ನೋಣವೆಂದರೆ ಒಂದು ತೊಡಕಿದೆ. ಇವರು ನಿಂತಿರುವುದು ಎಲೆಯ ಮರೆಯಲ್ಲಲ್ಲ, ನಟ್ಟನಡು ಬೀದಿಯ ಗಾಜಿನ ಮುಂದೆ. ಶನಿವಾರ ಭಾನುವಾರ ಬಂದರೆ ಓಕ್ಲ್ಯಾಂಡಿನಿಂದ, ಹೇವರ್ಡಿನಿಂದ, ಇನ್ನೂ ಎಲ್ಲೆಲ್ಲಿಂದಲೋ ಬಂದ ಸಂಸಾರಗಳು ಮೂಗು ಒತ್ತಿ ನೋಡುತ್ತವೆ. ಹಂಚಿನ ಅಷ್ಟೂ ಪಡ್ಡು ಒಂದೇ ಉಸಿರಿಗೆ ಮಗುಚಿಕೊಂಡರೆ ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಫೋಟೋಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಕಣ್ಣುಗಳ ಮುಂದೆ ಎಂಟು ವರ್ಷ ನಿಂತ ಈ ಹೆಂಗಸು ಯಾರೆಂದು ಮಾತ್ರ ಬೇ ಏರಿಯಾದ ಕನ್ನಡಿಗರಿಗೆ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಟೋಪಿ ನೋಡಿದವರು ಮುಖ ನೋಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯವರೇ ಗೊತ್ತಾಗದಂತೆ ನೋಡಿಕೊಂಡಿದ್ದರು. ಆ ಕಥೆಗೇ ಬರೋಣ.

ನೀಲವ್ವನ ಪಡ್ಡಿನ ವಿದ್ಯೆ ಅತ್ತೆಯಿಂದ ಬಂದದ್ದು. ಹುಬ್ಬಳ್ಳಿಯ ಬಸ್ ಡಿಪೋದ ಗೇಟಿನ ಪಕ್ಕದಲ್ಲಿ ಅತ್ತೆ ಈರವ್ವನ ಕೈಗಾಡಿ ಇತ್ತು. ಮದುವೆಯಾಗಿ ಬಂದ ಮೂರನೇ ದಿನ ಅತ್ತೆ ದಬ್ಬಣ ಕೈಗಿತ್ತು ಪಕ್ಕಕ್ಕೆ ಕೂತರಂತೆ. ಅಲ್ಲಿಂದ ಮುಂದೆ ಡಿಪೋದ ಡ್ರೈವರು ಕಂಡಕ್ಟರುಗಳ ಬೆಳಗಿನ ಹೊಟ್ಟೆ ಇವರ ಜವಾಬ್ದಾರಿ. ಗಂಡ ದೇವೇಂದ್ರಪ್ಪ ಅದೇ ಡಿಪೋದಲ್ಲಿ ಡ್ರೈವರ್. ಹೆಂಡತಿಯ ಗಾಡಿಯಲ್ಲಿ ದುಡ್ಡು ಕೊಟ್ಟೇ ತಿನ್ನುತ್ತಿದ್ದ ಏಕೈಕ ಗಂಡ ತಾನು ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಪುಕ್ಕಟೆ ಕೊಟ್ಟರೆ ಇಡೀ ಡಿಪೋ ನೆಂಟಸ್ತನ ಹೇಳಿಕೊಂಡು ಬರುತ್ತದೆ ಎಂದು ಅತ್ತೆ ಹಾಕಿದ ಕಾನೂನು ಅದು.

ಮಗ ಸಂತೋಷಕುಮಾರ ಹೇವರ್ಡಿನಲ್ಲಿ ಮನೆ ಮಾಡಿ, ಹಸಿರು ಕಾರ್ಡು ಮಾಡಿಸಿ ಇಬ್ಬರನ್ನೂ ಕರೆಸಿಕೊಂಡ. ಮನೆ ದೊಡ್ಡದು, ಮನಸ್ಸಿಗೆ ಮಾತ್ರ ಕೆಲಸವಿಲ್ಲ. ಬೆಳಗ್ಗೆ ಗ್ಯಾರೇಜಿನ ಬಾಗಿಲು ಮೇಲೆ ಹೋದರೆ ಮಗ ಆಫೀಸಿಗೆ ಹೋದ ಎಂದರ್ಥ, ಸಂಜೆ ಮತ್ತೆ ಮೇಲೆ ಹೋದರೆ ಬಂದ ಎಂದರ್ಥ. ನಡುವೆ ಹೇಳುವವರಿಲ್ಲ, ಕೇಳುವವರಿಲ್ಲ. “ಮಾತಾಡಾಕ ಮಂದಿನ ಇರ್ಲಿಲ್ರಿ. ಫ್ರಿಜ್ಜಿನ ಜೋಡಿ ಮಾತಾಡೂ ಹಂಗಾಗಿತ್ತು. ಅದೂ ಒಮ್ಮೊಮ್ಮೆ ಗುರ್ ಅಂತಿತ್ತು,” ಎಂದು ನಗುತ್ತಾರೆ. ನಗುವಷ್ಟು ಸುಲಭದ ಕಾಲವಾಗಿರಲಿಲ್ಲ ಅದು. ಊರಿಗೆ ಹೊರಟುಬಿಡೋಣವೆಂದು ಎರಡು ಸಲ ಪೆಟ್ಟಿಗೆ ತುಂಬಿದ್ದರು.

ಹೀಗಿರುವಾಗ ಒಂದು ಭಾನುವಾರ ಮಗ ಇಬ್ಬರನ್ನೂ ಸ್ಕೋವ್‌ಬಿ ನೋಡಲು ಕರೆತಂದ. ಕಾಡು ನೋಡಿದರು, ಚರ್ಚು ನೋಡಿದರು, ಗಾಳಿಗಿರಣಿ ನೋಡಿದರು. ಕೊನೆಗೆ ಬೇಕರಿಯ ಕಿಟಕಿಗೆ ಬಂದರು. ನೀಲವ್ವನ ಕಾಲು ಅಲ್ಲೇ ನಿಂತಿತು.

“ಒಳಗ ಒಂದು ಹುಡುಗಿ ಹಿಟ್ಟ ಹಾಕಿ ಮೊಬೈಲ್ ನೋಡ್ಕೋಂತ ನಿಂತಿತ್ರಿ. ಪಡ್ಡು ಹೊತ್ತಾಕ ಹತ್ತಿದ್ವು. ನಾ ಗಾಜ ಬಡದೆ. ಅಕಿ ನನಗ ಕೈ ಬೀಸಿದ್ಲು. ಎಷ್ಟಂತ ಸುಮ್ನ ನಿಂದರ್ಲಿ?”

ನಿಲ್ಲಲಿಲ್ಲ. ಸೀದಾ ಒಳಗೆ ಹೋಗಿ, ಕೌಂಟರಿನ ಹಲಗೆ ಎತ್ತಿ, ಡೇನರು ದಬ್ಬಣದ ಬದಲು ಬಳಸುವ ಹೆಣಿಗೆಯ ಕಡ್ಡಿಯನ್ನು ಹುಡುಗಿಯ ಕೈಯಿಂದ ಕಿತ್ತುಕೊಂಡು ಅಷ್ಟನ್ನೂ ಮಗುಚಿಬಿಟ್ಟರು. ಪೊಲೀಸರು ಬರುತ್ತಾರೆಂದು ಸಂತೋಷಕುಮಾರ ಕಾರು ತೆಗೆದುಕೊಂಡು ಬಾಗಿಲಿಗೆ ಬಂದ. ಬಂದದ್ದು ಪೊಲೀಸರಲ್ಲ, ಬೇಕರಿಯ ಒಡತಿ ಇಂಗರ್ ಎಂಬ ಮುದುಕಿ. ಆಕೆಯ ಅಜ್ಜ ಡೆನ್ಮಾರ್ಕಿನಿಂದ ಈ ಹಂಚನ್ನು ಹೊತ್ತು ತಂದವನು. ಇಂಗರ್ ಒಂದು ನಿಮಿಷ ನೋಡಿದಳು, ಒಳಗೆ ಹೋದಳು, ಎರಡನೆಯ ಹಂಚನ್ನು ತಂದು ಪಕ್ಕದ ಒಲೆಯ ಮೇಲಿಟ್ಟಳು. ಮುಂದಿನ ಶನಿವಾರದಿಂದ ಕೆಲಸ.

ಅಲ್ಲಿಗೆ ವಿದ್ಯೆ ಪೂರ್ತಿಯಾಯಿತೆಂದಲ್ಲ. ನಮ್ಮ ಪಡ್ಡು ಒಮ್ಮೆ ಮಗುಚಿದರೆ ಮುಗಿಯಿತು. ಡೇನರದ್ದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಒಳಗಿನ ಹಸಿ ಹಿಟ್ಟು ಕೆಳಗಿಳಿಯುವಂತೆ ಮಾಡಿ, ಪೂರ್ತಿ ಚೆಂಡು ಮಾಡಬೇಕು. ಮೊದಲ ವಾರ ನೀಲವ್ವನವು ಬೋರಲು ಬಿದ್ದ ಬಟ್ಟಲಿನಂತೆ ಎದ್ದವಂತೆ. ಇಂಗರ್ ಪಕ್ಕದಲ್ಲಿ ನಿಂತು ಮಣಿಕಟ್ಟು ಹಿಡಿದು ಕಲಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಬ್ಬಾಕೆ ‘ನೋ ನೋ’ ಅನ್ನುವುದು, ಇನ್ನೊಬ್ಬಾಕೆ ‘ಹೂಂ ಹೂಂ’ ಅನ್ನುವುದು. ತಿಂಗಳೊಪ್ಪತ್ತಿನಲ್ಲಿ ಇಂಗರ್ ‘ಹೂಂ’ ಕಲಿತಳು, ನೀಲವ್ವ ಆಕೆಯನ್ನು ಇಂಗರವ್ವ ಮಾಡಿಕೊಂಡರು.

ಆವತ್ತಿನಿಂದ ಶನಿವಾರ ಭಾನುವಾರ ದೇವೇಂದ್ರಪ್ಪನೇ ಸಾರಥಿ. ಬೆಟ್ಟ ಹತ್ತುವ ಹೈವೇಯ ತಿರುವುಗಳನ್ನು ಅವರು ಅರಬೈಲು ಘಟ್ಟದ ತಿರುವುಗಳಂತೆ ಪ್ರತಿಯೊಂದಕ್ಕೂ ಹಾರ್ನು ಹೊಡೆದೇ ದಾಟುತ್ತಾರೆ. ಅಮೆರಿಕದಲ್ಲಿ ಹಾರ್ನು ಹೊಡೆದರೆ ಬೈದಂತೆ ಎಂದು ಮಗ ಹೇಳಿ ಸೋತ. “ಬೈಯಾಕಲ್ಲೋ, ಬಂದೇನಿ ಅಂತ ಹೇಳಾಕ,” ಎನ್ನುವುದು ಅವರ ವಾದ. ಹೆಂಡತಿಯನ್ನು ಇಳಿಸಿ, ಸಂಜೆಯವರೆಗೆ ಬೇಕರಿಯ ಎದುರಿನ ಬೆಂಚಿನಲ್ಲಿ ಕೂತಿರುತ್ತಾರೆ. ಊರಿಗೆ ಬರುವ ಬಸ್ಸುಗಳು ಹೇಗೆ ರಿವರ್ಸ್ ತೆಗೆದುಕೊಳ್ಳುತ್ತವೆ ಎಂದು ನೋಡಿ ತಲೆ ಅಲ್ಲಾಡಿಸುವುದು ಅವರ ಕೆಲಸ.

ದಿನಕ್ಕೆ ಎಷ್ಟು ಪಡ್ಡು ಹೊಯ್ಯುತ್ತೀರಿ ಎಂದು ಕೇಳಿದರೆ ನೀಲವ್ವನಿಗೆ ಕೋಪ ಬರುತ್ತದೆ. ತಿನ್ನುವವರ ಮುಂದೆ ಎಣಿಸಬಾರದು, ದೃಷ್ಟಿಯಾಗುತ್ತದೆ. ಹಿಟ್ಟಿನ ದೊಡ್ಡ ಬಕೆಟ್ಟು ನಾಲ್ಕು ಸಲ ಖಾಲಿಯಾಗುತ್ತದೆ ಎಂದಷ್ಟೇ ಹೇಳುತ್ತಾರೆ. ಬಲಗೈಯ ಬೆರಳುಗಳ ತುದಿ ಕಾದು ಕಾದು ಬಿಸಿ ಮರೆತಿವೆ. ಮೊಣಕಾಲು ಹಿಡಿಯುತ್ತದೆ. ಇನ್ನೊಂದು ವಿಷಯ ಕೇಳಿದವರು ಮಾತ್ರ ಒಮ್ಮೆ ಬೆಚ್ಚುತ್ತಾರೆ. ಎಂಟು ವರ್ಷ ಈ ತಿಂಡಿ ಮಾಡಿದ ನೀಲವ್ವ ಇವತ್ತಿನವರೆಗೆ ಅದರ ಒಂದು ಚೂರನ್ನೂ ಬಾಯಿಗಿಟ್ಟವರಲ್ಲ.

“ತತ್ತಿ ಹಾಕಿರ್ತಾರಲ್ರಿ. ನಾವು ಲಿಂಗವಂತರು. ಬಣ್ಣಾ ನೋಡ್ತೀನಿ, ವಾಸನಿ ನೋಡ್ತೀನಿ, ತಿಂದವರ ಮಾರಿ ನೋಡ್ತೀನಿ. ರುಚಿ ಅವರಿಗೆ ಬಿಟ್ಟೇನಿ.”

ಅದಕ್ಕೇ ಮನೆಗೆ ಹೋದೊಡನೆ ಯಾರನ್ನೂ ಮಾತಾಡಿಸದೆ, ಏನನ್ನೂ ಮುಟ್ಟದೆ, ಸೀದಾ ಬಚ್ಚಲುಮನೆ. ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡ ಮೇಲೇ ಅಡುಗೆಮನೆ. ಈ ಸ್ನಾನವೇ ಮುಂದೆ ಎಂಥ ಫಜೀತಿ ತಂದಿತು ನೋಡಿ.

ಸಂತೋಷಕುಮಾರ ಮೈಸೂರಿನ ಹಂಸಾ ಎಂಬ ಡಾಕ್ಟರ್ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಆಕೆ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ತಂದೆ ವ್ಯಾಸರಾಜರು, ತಾಯಿ ಸತ್ಯವತಿ. ಈರುಳ್ಳಿ ಬೆಳ್ಳುಳ್ಳಿಯನ್ನೂ ಹೊಸಿಲೊಳಗೆ ಬಿಡದ ಮನೆತನ. ಜಾತಿ ಬೇರೆ, ಸೀಮೆ ಬೇರೆ. ಮಾತುಕತೆಯ ಹೊತ್ತಿಗೆ ಸತ್ಯವತಿಯವರು ಫೋನಿನಲ್ಲಿ ಹುಡುಗನ ತಂದೆತಾಯಿ ಏನು ಮಾಡುತ್ತಾರೆಂದು ಕೇಳಿದರು. ಅಪ್ಪ ಸಾರಿಗೆ ಸಂಸ್ಥೆಯಲ್ಲಿದ್ದರು ಎಂದ ಸಂತೋಷಕುಮಾರ. ಅದು ನಿಜವೇ. ಅಮ್ಮ ಎಂಬಲ್ಲಿಗೆ ಬಂದಾಗ ಹುಡುಗನ ನಾಲಿಗೆ ಜಾರಿತು. ಅಮ್ಮ ವೀಕೆಂಡಿನಲ್ಲಿ ಡೇನಿಶ್ ಸಾಂಸ್ಕೃತಿಕ ಕೇಂದ್ರವೊಂದಕ್ಕೆ ಸಲಹೆಗಾರ್ತಿ ಎಂದುಬಿಟ್ಟ.

ಹುಬ್ಬಳ್ಳಿಯ ಹೆಂಗಸು ಡೇನರಿಗೆ ಏನು ಸಲಹೆ ಕೊಡುತ್ತಾಳೆಂದು ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಾಲ ಇದು. ಮದುವೆಯಾಯಿತು. ನಾಲ್ಕು ವರ್ಷ ಸುಳ್ಳು ಸುಖವಾಗಿತ್ತು, ಯಾಕೆಂದರೆ ಬೀಗರು ಮೈಸೂರಿನಲ್ಲಿದ್ದರು. ಈ ವರ್ಷ ಏಪ್ರಿಲ್‌ನಲ್ಲಿ ಅವರು ಹೇವರ್ಡಿಗೆ ಬಂದಿಳಿದರು. ದಸರೆಯವರೆಗೂ ಇರುವವರು.

ಬಂದ ಮೊದಲ ಶನಿವಾರವೇ ಸತ್ಯವತಿಯವರು ಗಮನಿಸಿದರು. ಬೀಗಿತ್ತಿ ನಸುಕಿನಲ್ಲಿ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಚೀಲ ಹಿಡಿದು ಹೊರಡುತ್ತಾರೆ. ಸಂಜೆ ಬಂದವರೇ ಯಾರನ್ನೂ ಮುಟ್ಟದೆ ಸ್ನಾನಕ್ಕೆ ಹೋಗುತ್ತಾರೆ. ಇದೆಂಥ ಮಡಿ! ಸತ್ಯವತಿಯವರ ಎದೆ ಗೌರವದಿಂದ ತುಂಬಿ ಬಂತು. ಮೈಸೂರಿನ ಅಕ್ಕತಂಗಿಯರಿಗೆಲ್ಲ ಫೋನು ಹೋಯಿತು: ಅವರು ನಾವಲ್ಲದಿದ್ದರೇನು, ಮಡಿಯಲ್ಲಿ ನಮ್ಮನ್ನು ಮೀರಿಸುತ್ತಾರೆ, ಮ್ಲೇಚ್ಛರಿಗೆ ಸಲಹೆ ಕೊಟ್ಟು ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ನೀರೂ ಕುಡಿಯುವುದಿಲ್ಲ. ಪಕ್ಕದ ಕೋಣೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನೀಲವ್ವನಿಗೆ ಇದು ಕಿವಿಗೆ ಬಿದ್ದು ರೊಟ್ಟಿ ಹರಿಯಿತು. ಒಂದೇ ಒಂದು ಅನುಮಾನ ಮಾತ್ರ ಸತ್ಯವತಿಯವರಿಗೆ ಬಗೆಹರಿಯಲಿಲ್ಲ. ಸಲಹೆ ಕೊಟ್ಟು ಬಂದವರ ಸೀರೆಯಿಂದ ಬೆಣ್ಣೆ ಏಲಕ್ಕಿಯ ವಾಸನೆ ಯಾಕೆ ಬರುತ್ತದೆ?

ಹಂಸಾಳಿಗೆ ನಿದ್ದೆ ಹಾರಿತು. ಒಂದು ದಿನ ಅತ್ತೆಯ ಪಕ್ಕ ಕೂತು ಮೆಲ್ಲಗೆ ವಿಷಯ ತೆಗೆದಳು.

“ಅತ್ತೆ, ಅಮ್ಮ ಅಪ್ಪ ಇರೋವರ್ಗೂ ಕೆಲ್ಸಕ್ಕೆ ಹೋಗ್ಬೇಡಿ, ಪ್ಲೀಸ್. ನಂಗೆ ನಾಚಿಕೆ ಅಂತಲ್ಲ...” ಎಂದವಳು ಕಣ್ಣೊರೆಸಿಕೊಂಡಳು.

ಸೊಸೆಯ ಕಣ್ಣೀರು ನೀಲವ್ವ ನೋಡಲಾರರು. ಆಗಲಿ ಎಂದರು. ಅದನ್ನು ಇಂಗರ್‌ಗೆ ಹೇಳುವುದು ಹೇಗೆ ಎಂಬುದೇ ಕಷ್ಟವಾಯಿತು. ಬೀಗರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲ, ಬೀಗರೆಂದರೆ ಯಾಕೆ ಹೆದರಬೇಕು ಎಂಬುದಕ್ಕಂತೂ ಇಲ್ಲವೇ ಇಲ್ಲ. ಮಗನ ಹೆಂಡತಿಯ ತಾಯಿ, ಬಿಗ್ ಪ್ರಾಬ್ಲಮ್ ಎಂದು ವಿವರಿಸಿದರು. ತನ್ನ ಅತ್ತೆಯೂ ಹಾಗೇ ಇದ್ದಳು ಎಂದು ಇಂಗರ್ ತಲೆದೂಗಿದಳು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಮಣಿಕಟ್ಟುಗಳಿಗೆ ಪಟ್ಟಿ, ಸೌಟು ಎತ್ತಿದರೆ ನಡುಗುತ್ತವೆ. ಡ್ರಾಯರಿನಿಂದ ಬಣ್ಣದ ಹಾಳೆಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ತಾನೇ ಹಿಟ್ಟು ಹೊಯ್ದು ತಾನೇ ತಿರುಗಿಸುವ ಯಂತ್ರದ ಚಿತ್ರ. ನೀಲವ್ವ ಅಷ್ಟು ತಿಂಗಳು ಬಾರದಿದ್ದರೆ ಅದನ್ನು ತರಿಸದೆ ವಿಧಿಯಿಲ್ಲ. ಯಂತ್ರ ಬಂದ ಮೇಲೆ ದಸರೆ ಮುಗಿದರೇನು, ಯುಗಾದಿ ಬಂದರೇನು, ಕಿಟಕಿಯಲ್ಲಿ ಮನುಷ್ಯರಿಗೆ ಜಾಗವಿರುವುದಿಲ್ಲ.

ಜೂನ್ ಕೊನೆಗೆ ಸ್ಕೋವ್‌ಬಿಯ ಊರಹಬ್ಬ. ಅದೊಂದನ್ನು ಮುಗಿಸಿಕೊಟ್ಟು ಬಿಡುತ್ತೇನೆ ಎಂದು ನೀಲವ್ವ ಮಾತು ಕೊಟ್ಟರು. ಆ ರಾತ್ರಿ ನೀಲವ್ವನಿಗೆ ಊಟ ಸೇರಲಿಲ್ಲ ಎನ್ನುತ್ತಾರೆ ದೇವೇಂದ್ರಪ್ಪ. ಹೆಂಡತಿ ದಬ್ಬಣವನ್ನು ಒರೆಸಿ ಒರೆಸಿ ಸೆರಗಿನಲ್ಲಿ ಸುತ್ತಿಡುತ್ತಿದ್ದುದನ್ನು ಅವರು ನೋಡಿದರು.

ಹಬ್ಬದ ದಿನ ಬೀಗರು ತಾವೂ ಜೊತೆಗೆ ಬರುತ್ತೇವೆ ಎನ್ನಬಾರದೆಂದು ಸಂತೋಷಕುಮಾರ ಒಂದು ಉಪಾಯ ಹೂಡಿದ. ಕನ್ನಡದ ಹಿರಿಯರಿಗೆಂದೇ ಒಂದು ಬಸ್ ಪ್ರವಾಸ ಗೊತ್ತಾಗಿತ್ತು. ವಾಟ್ಸಾಪಿನಲ್ಲಿ ಸಂದೇಶ ಬಂದಿತ್ತು. ‘ಲಿವರ್‌ಮೋರ್ ದೇವಸ್ಥಾನ ದರ್ಶನ’ ಎಂಬ ಮೊದಲ ಸಾಲು ಓದಿದವನೇ ಎರಡು ಸೀಟು ಹಿಡಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಬೀಗಿದ. ಎರಡನೆಯ ಸಾಲು ಓದುವ ತಾಳ್ಮೆ ಇಂಜಿನಿಯರಿಗೆ ಎಲ್ಲಿಂದ ಬರಬೇಕು? ‘ಪ್ರಸಾದದ ನಂತರ ಸ್ಕೋವ್‌ಬಿ ಡೇನಿಶ್ ಊರಹಬ್ಬ’ ಎಂದು ಅಲ್ಲೇ ಇತ್ತು.

ಹಬ್ಬದ ಮಧ್ಯಾಹ್ನ. ಬೀದಿ ತುಂಬ ಕೆಂಪು ಬಿಳಿ ಬಾವುಟ, ಬ್ಯಾಂಡು, ಕಿಟಕಿಯ ಮುಂದೆ ಜನವೋ ಜನ. ಬೆಂಚಿನಲ್ಲಿ ಕೂತಿದ್ದ ದೇವೇಂದ್ರಪ್ಪ ಬಸ್ಸೊಂದು ರಿವರ್ಸ್ ತೆಗೆದುಕೊಳ್ಳುವುದನ್ನು ನೋಡಿ, ಪರವಾಗಿಲ್ಲ, ಚೆನ್ನಾಗಿ ತೆಗೆದ ಎಂದುಕೊಳ್ಳುತ್ತಿರುವಾಗಲೇ ಅದರಿಂದ ಮೈಸೂರು ರೇಷ್ಮೆ ಸೀರೆಯೊಂದು ಇಳಿಯಿತು. ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಹಿಂದೆ ಮಂಕಿಕ್ಯಾಪಿನ ವ್ಯಾಸರಾಜರು. ಮೂವತ್ತು ವರ್ಷ ಡ್ರೈವರಾಗಿ ಬ್ರೇಕು ತಪ್ಪಿದ ಲಾರಿಗೂ ಹೆದರದಿದ್ದ ದೇವೇಂದ್ರಪ್ಪ ಬೇಕರಿಯ ಹಿಂಬಾಗಿಲಿಗೆ ಓಡಿದರು.

“ಏ, ಬೀಗತಿ ಬಂದ್ಲು!”

ಅಷ್ಟು ಹೇಳಿ ಮತ್ತೆ ಓಡಿಬಂದು ಬೀಗರನ್ನು ನಡುಬೀದಿಯಲ್ಲೇ ಹಿಡಿದರು. ತಾವು ಇಲ್ಲಿ ಹೇಗೆ ಎಂದು ವ್ಯಾಸರಾಜರು ಬಾಯಿ ತೆರೆಯುವ ಮುಂಚೆಯೇ ಗಾಳಿಗಿರಣಿ ನೋಡೋಣವೆಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಒಂದು ಸುತ್ತು ತೋರಿಸಿದರು. ಎರಡನೆಯ ಸುತ್ತು ತೋರಿಸಿದರು. ನಿವೃತ್ತ ಕರೆಂಟು ಇಲಾಖೆಯವರಾದ ವ್ಯಾಸರಾಜರಿಗೆ ಗಿರಣಿಯ ಮೋಟಾರಿನ ಮೇಲೆ ಪ್ರೀತಿ ಹುಟ್ಟಿ, ಎಷ್ಟು ಹಾರ್ಸ್‌ಪವರು, ವೈರಿಂಗು ಎಲ್ಲಿಂದ ಬಂದಿದೆ ಎಂದು ಪ್ರಶ್ನೆ ಶುರು ಮಾಡಿದರು. ದೇವೇಂದ್ರಪ್ಪ ಬಾಯಿಗೆ ಬಂದ ಉತ್ತರ ಕೊಡುತ್ತ ಮೂರನೆಯ ಸುತ್ತಿಗೆ ತಿರುಗಿ ನೋಡಿದರೆ ಬೀಗಿತ್ತಿ ಇಲ್ಲ.

ಸತ್ಯವತಿಯವರಿಗೆ ವಾಸನೆ ಸಿಕ್ಕಿತ್ತು. ಶನಿವಾರ ಭಾನುವಾರ ಸಂಜೆ ಹೇವರ್ಡಿನ ಮನೆಯ ಬಾಗಿಲಲ್ಲಿ ಮೂಗಿಗೆ ಬರುವ ಅದೇ ಬೆಣ್ಣೆ, ಅದೇ ಏಲಕ್ಕಿ. ಮೂಗು ಕರೆದ ಕಡೆಗೆ ನಡೆದು, ಮಕ್ಕಳ ಗುಂಪನ್ನು ಸರಿಸಿ, ಕಿಟಕಿಯ ಮುಂದೆ ಬಂದು ನಿಂತರು.

ಕಿಟಕಿಯಲ್ಲಿ ಯಾರೂ ಇಲ್ಲ. ಒಲೆ ಉರಿಯುತ್ತಿದೆ, ಎರಡು ಹಂಚುಗಳ ತುಂಬ ಹಿಟ್ಟು ಬೇಯುತ್ತಿದೆ. ನೀಲವ್ವ ಕೌಂಟರಿನ ಕೆಳಗೆ, ಸಕ್ಕರೆಪುಡಿಯ ಡಬ್ಬಿಯ ಪಕ್ಕದಲ್ಲಿ, ಟೋಪಿ ಸಮೇತ ಮುದುಡಿ ಕೂತಿದ್ದಾರೆ. ಇನ್ನೊಂದು ಗಳಿಗೆ ಹೀಗೇ ಕೂತರೆ ಬೀಗತಿ ಹೋದಾಳು, ಮಗನ ಮಾನ ಉಳಿದೀತು, ಸೊಸೆಯ ಮುಖ ಉಳಿದೀತು. ಅಷ್ಟರಲ್ಲಿ ತಲೆಯ ಮೇಲಿನ ಹಂಚಿನಲ್ಲಿ ಸದ್ದು ಬದಲಾಯಿತು. ಚುರ್ ಎನ್ನುತ್ತಿದ್ದದ್ದು ಸಣ್ಣಗಾಯಿತು. ಆಮೇಲೆ ಸದ್ದೇ ನಿಂತಿತು. ಸದ್ದು ನಿಂತರೆ ಹೊತ್ತುವುದಕ್ಕೆ ಶುರು.

“ನನ್ನ ಮಾನ ಹೋದ್ರ ಹೋಗ್ಲಿ, ಪಡ್ಡು ಹೊತ್ತಿಸಿದ್ಲು ಅಂತ ಅನ್ನಿಸ್ಕೊಳ್ಳಾಕ ಆಗ್ಲಿಲ್ರಿ,” ಎನ್ನುತ್ತಾರೆ ಈಗ.

ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ದಬ್ಬಣ ಮೊದಲ ಕುಳಿಗೆ ಇಳಿಯಿತು. ಎರಡೂ ಹಂಚು ಕಾಲು ಸುತ್ತು ತಿರುಗಿದವು, ಮತ್ತೆ ಕಾಲು ಸುತ್ತು, ಮತ್ತೊಮ್ಮೆ. ಒಂದೂ ಕರಿಯಾಗಲಿಲ್ಲ. ಅಷ್ಟೂ ಚೆಂಡುಗಳು ಕೆಂಪಗೆ ಎದ್ದು ಕೂತಾಗ ಮಕ್ಕಳು ಚಪ್ಪಾಳೆ ಹೊಡೆದವು, ದೊಡ್ಡವರೂ ಹೊಡೆದರು. ಬಸ್ಸಿನಿಂದ ಇಳಿದ ಕನ್ನಡದ ಹಿರಿಯರು, ಇದು ನಮ್ಮ ಗುಂಡುಪಂಗಳವಲ್ಲವೇ ಎಂದು ಒಬ್ಬರನ್ನೊಬ್ಬರು ತಿವಿದರು. ಆಗ ನೀಲವ್ವ ತಲೆ ಎತ್ತಿದರು. ಗಾಜಿನ ಆಚೆ ಒಂದು ಮೊಳ ದೂರದಲ್ಲಿ ಸತ್ಯವತಿ. ಚಪ್ಪಾಳೆ ಹೊಡೆಯದೆ ನಿಂತ ಮುಖ ಅದೊಂದೇ.

ಸತ್ಯವತಿಯವರು ಸಾಲನ್ನು ಲೆಕ್ಕಿಸದೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಸಾಲಿನಲ್ಲಿ ನಿಂತ ಅಮೆರಿಕನ್ನರಿಗೆ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಆದರೆ ಆ ನಡಿಗೆ ನೋಡಿ ಎಲ್ಲರೂ ದಾರಿ ಬಿಟ್ಟರು. ಕೌಂಟರಿನ ಮುಂದೆ ನಿಂತು ಬೀಗಿತ್ತಿಯನ್ನು ಟೋಪಿಯಿಂದ ಲಂಗದವರೆಗೆ ನೋಡಿದರು.

“ಇಲ್ಲಿ ಕೊಡ್ತಿದ್ದ ಸಲಹೆ ಇದೇನಾ?”

“ಹೂಂನ್ರಿ. ತಪ್ಪಾತ್ರಿ ಬೀಗತಿಯಾರ. ಹುಡುಗ್ರದೇನೂ ತಪ್ಪಿಲ್ಲ. ಇವತ್ತಿಗೆ ಮುಗೀತು, ನಾಳಿಂದ ಬರೂದಿಲ್ಲ.”

“ಯಾಕೆ ಬರಲ್ಲ?” ಸತ್ಯವತಿಯವರ ದನಿ ಏರಿತು. ಏರಿದ ದನಿ ಅಲ್ಲೇ ಒಡೆಯಿತು. “ನಲವತ್ತು ವರ್ಷ ಒಲೆ ಮುಂದೆ ನಿಂತಿದೀನಿ ಕಣ್ರೀ. ಉಪ್ಪು ಕಮ್ಮಿ ಅಂದೋರಿದ್ರು, ಹುಳಿ ಜಾಸ್ತಿ ಅಂದೋರಿದ್ರು. ಒಬ್ರೂ ಚಪ್ಪಾಳೆ ತಟ್ಟಲಿಲ್ಲ. ಇದನ್ನ ಬಿಟ್ಟು ಮನೇಲಿ ಕೂತ್ಕೋತೀರಾ?”

ನೀಲವ್ವನ ಕಣ್ಣು ತುಂಬಿ ಬಂತು. ಒಲೆ ಮಾತ್ರ ಕಾಯುವುದಿಲ್ಲವಲ್ಲ, ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಹಂಚಿಗೆ ಹಿಟ್ಟು ಹೊಯ್ದರು. ಸತ್ಯವತಿಯವರು ಕೈಚೀಲದಿಂದ ಕುಂಕುಮದ ಭರಣಿ ತೆಗೆದು, ಕೌಂಟರಿನ ಮೇಲಿಂದ ಬಾಗಿ, ಲೇಸಿನ ಟೋಪಿಯ ಕೆಳಗಿನ ಹಣೆಗೆ ಹಚ್ಚಿದರು. ಕಿಟಕಿಯ ಹೊರಗೆ ಮತ್ತೆ ಚಪ್ಪಾಳೆ. ಡೇನಿಶ್ ಹಬ್ಬದ ವಿಧಿಯಿದು ಎಂದು ಅರ್ಧ ಬೀದಿ ವಿಡಿಯೋ ಮಾಡಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸತ್ಯವತಿಯವರು, ಎಲ್ಲಿ ಒಂದು ಕೊಡಿ ರುಚಿ ನೋಡೋಣ ಎಂದು ಕೈ ಚಾಚಿದರು. ನೀಲವ್ವ ತಟ್ಟೆಯನ್ನು ಗಬಕ್ಕನೆ ಹಿಂದಕ್ಕೆಳೆದುಕೊಂಡು, ಅದರಲ್ಲಿ ತತ್ತಿ ಇದೆ ಎಂಬುದನ್ನೂ, ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವುದು ಮಡಿಗಲ್ಲ, ತತ್ತಿಗೆ ಎಂಬುದನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಸತ್ಯವತಿಯವರ ಮುಖ ಇಳಿಯಿತು. ಸಲಹೆಗಾರ್ತಿಯಲ್ಲ ಎಂಬುದನ್ನು ನುಂಗಿದ್ದವರಿಗೆ ಮಡಿಯಲ್ಲ ಎಂಬುದು ಗಂಟಲಲ್ಲಿ ನಿಂತಿತು. ಮೈಸೂರಿನ ಅಷ್ಟೂ ಅಕ್ಕತಂಗಿಯರು ಕಣ್ಣ ಮುಂದೆ ಬಂದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ನೀಲವ್ವನಿಗೂ ತಡೆಯಲಾಗಲಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತ ಇಬ್ಬರೂ ಕೌಂಟರಿನ ಆಚೆ ಈಚೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬೀಗತಿಯನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಹುಬ್ಬಳ್ಳಿಯಲ್ಲಿಲ್ಲ. ಉಡಿ ತುಂಬಬೇಕು. ಅಂಗಡಿಯಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು, ಅಕ್ಕಿ ಎಲ್ಲಿಂದ ಬರಬೇಕು? ಇಂಗರ್ ಮಾರಾಟಕ್ಕಿಟ್ಟಿದ್ದ ಡೇನಿಶ್ ಬಾವುಟದ ಕೆಂಪು ಬಿಳಿ ಟವೆಲ್ಲೇ ಕುಪ್ಪಸದ ಕಣವಾಯಿತು. ಐದು ಸೇಬುಹಣ್ಣು, ಒಂದು ಬಾಟಲಿ ರಾಸ್ಪ್‌ಬೆರಿ ಜಾಮು. ಸತ್ಯವತಿಯವರು ಸೆರಗೊಡ್ಡಿ ಉಡಿ ತುಂಬಿಸಿಕೊಂಡರು. ಹಿಂಕೋಣೆಯಿಂದ ಬಂದ ಇಂಗರ್ ಇದನ್ನೆಲ್ಲ ನೋಡುತ್ತ ನಿಂತಿದ್ದವಳು, ಯಾರಿದು ಎಂದು ಕಣ್ಣಲ್ಲೇ ಕೇಳಿದಳು.

“ಬಿಗ್ ಪ್ರಾಬ್ಲಮ್,” ಎಂದರು ನೀಲವ್ವ. “ನೌ ನೋ ಪ್ರಾಬ್ಲಮ್.”

ಇಂಗರ್ ‘ಹೂಂ’ ಎಂದಳು. ಒಲೆಯಿಂದ ಇಳಿಸಿದ ಬಿಸಿ ಹಂಚನ್ನು ಇಡಲು ಜಾಗ ಹುಡುಕಿ, ಕೌಂಟರಿನ ಮೇಲಿದ್ದ ಯಂತ್ರದ ಚಿತ್ರದ ಹಾಳೆಯ ಮೇಲೆ ಇಟ್ಟಳು. ಹಾಳೆ ಕುಳಿ ಕುಳಿಯಾಗಿ ಸುಟ್ಟಿತು. ಬೇರೆ ಹಾಳೆ ತರಿಸಬೇಕೆಂದು ಇವತ್ತಿನವರೆಗೆ ಆಕೆಗೆ ಅನ್ನಿಸಿಲ್ಲ.

ಈಗ ಸತ್ಯವತಿಯವರೂ ವಾರಕ್ಕೊಮ್ಮೆ ದೇವೇಂದ್ರಪ್ಪನ ಹಾರ್ನು ಸಹಿಸಿಕೊಂಡು ಬೆಟ್ಟ ಹತ್ತುತ್ತಾರೆ. ಕಿಟಕಿಯ ಹೊರಗೆ ನಿಂತು, ಯಾರಾದರೂ ಚಪ್ಪಾಳೆ ತಟ್ಟಲು ಮರೆತರೆ ತಾವೇ ಶುರು ಮಾಡುತ್ತಾರೆ. ಮೈಸೂರಿಗೆ ಫೋನು ಮಾಡಿ ಬೀಗಿತ್ತಿಯ ಕೆಲಸ ಏನೆಂದು ಸರಿಪಡಿಸಿದ್ದಾರೆ. ಮಡಿಯ ವಿಷಯವನ್ನು ಮಾತ್ರ ಸರಿಪಡಿಸಿಲ್ಲ. ಎಲ್ಲವನ್ನೂ ಒಂದೇ ಸಲ ಹೇಳಬಾರದಂತೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ನೀಲವ್ವ ಹಂಚಿಗೆ ಬೆಣ್ಣೆ ಹಾಕುತ್ತ ಒಂದೊಂದಾಗಿ ಹೇಳುತ್ತಾರೆ. ಎರಡನೆಯ ಹಂಚಿನಲ್ಲಿ ಒಂದು ದಿನ ಅಕ್ಕಿ ಉದ್ದಿನ ಹಿಟ್ಟು ಹೊಯ್ಯಲು ಇಂಗರ್ ಒಪ್ಪಬೇಕು, ಶೇಂಗಾ ಚಟ್ನಿ ಮನೆಯಿಂದ ತರಬಹುದು, ಬಸ್ಸಿನಲ್ಲಿ ಬಂದು ಬರೀ ನೋಡಿ ಹೋಗುವ ನಮ್ಮ ಮಂದಿಯೂ ತಿನ್ನಬಹುದು. “ಮತ್ತ ಈ ಕಿಟಕ್ಯಾಗ ನಿಂತು, ನಾ ಮಾಡಿದ್ದ ನಾನೂ ಒಂದು ತಿನ್ನಬೇಕ್ರಿ. ಅಷ್ಟ.”

ಬೆಂಚಿನ ಪಕ್ಕದಲ್ಲಿ ನಿಂತಿದ್ದ ಸಂತೋಷಕುಮಾರ ಇದನ್ನು ಬರೆಯಲು ಬಂದ ಪತ್ರಿಕೆಯವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಒಂದು ಮಾತು ಹೇಳುತ್ತಾನೆ. ಅಮ್ಮನ ಹೆಸರಿನ ಮುಂದೆ ಪಾಕಕಲಾ ತಜ್ಞೆ ಎಂದೇನಾದರೂ ಹಾಕಿದರೆ ಓದುವವರಿಗೆ ಚೆನ್ನಾಗಿರುತ್ತದಲ್ಲವೇ ಎಂದು. ತಗ್ಗಿದ ದನಿಯಾದರೇನು, ಹೊತ್ತುವ ಪಡ್ಡಿನ ಸದ್ದು ಕೇಳುವ ಕಿವಿಗೆ ಇದು ಕೇಳದೇ? ನೀಲವ್ವ ದಬ್ಬಣ ಹಿಡಿದ ಕೈ ಎತ್ತುತ್ತಾರೆ.

“ತಮ್ಮಾ, ಮತ್ತ ಶುರು ಮಾಡಬ್ಯಾಡ,” ಎಂದು ಮಗನಿಗೆ ಹೇಳಿ ಇತ್ತ ತಿರುಗುತ್ತಾರೆ. “ಪಡ್ಡು ಮಾಡಾಕಿ ಅಂತ ಬರೀರಿ. ಟೋಪಿ ಫೋಟೋನ ಹಾಕ್ರಿ.”